ಗೆದ್ದ ಮೇಲಿನ ಹತ್ತು ತಿಂಗಳು: ವಿದ್ಯಾರ್ಥಿ ನಾಯಕರಿಗೆ ಬದ್ಧತೆ ಯಾಕೆ ಬೇಕು, ಅದು ಹೇಗೆ ಬೆಳೆಯುತ್ತದೆ?

ಜೂನ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆಯ ಗಲಾಟೆ. ನಾಮಪತ್ರ ಸಲ್ಲಿಸುವುದು, ವಾಪಸ್ ತೆಗೆದುಕೊಳ್ಳಲು ಒಂದು ದಿನ, ಚಿಹ್ನೆ ಹಂಚಿಕೆ, ಪ್ರಚಾರ ಎಲ್ಲವೂ ನಡೆಯುತ್ತದೆ. ಮತದಾನದ ದಿನ ಬೆರಳಿಗೆ ಶಾಯಿಯೂ ಬೀಳುತ್ತದೆ. ಈಗೀಗ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಮೇಷ್ಟ್ರ ಮೊಬೈಲೇ ಮತಯಂತ್ರ. ಫಲಿತಾಂಶ ಬಂದ ಮೇಲೆ ಪ್ರಮಾಣವಚನ, ಎದೆಗೆ ಬ್ಯಾಡ್ಜ್, ಮನೆಯವರ ಸ್ಟೇಟಸ್‌ನಲ್ಲಿ ಫೋಟೋ.

ಆಮೇಲೆ? ಮಳೆಗಾಲ ಮುಗಿಯುವಷ್ಟರಲ್ಲಿ ಎಷ್ಟೋ ಮಂತ್ರಿಗಳಿಗೆ ತಮ್ಮ ಖಾತೆ ಯಾವುದೆಂದೇ ಮರೆತಿರುತ್ತದೆ. ಕೆಲವು ಶಾಲೆಗಳಲ್ಲಿ ಮಾತ್ರ ಫೆಬ್ರವರಿ ಬಂದರೂ ಅದೇ ಹುಡುಗಿ, ಅದೇ ಹುಡುಗ ತಮ್ಮ ಕೆಲಸವನ್ನು ತಪ್ಪದೆ ಮಾಡುತ್ತಿರುತ್ತಾರೆ. ಈ ಎರಡರ ನಡುವಿನ ವ್ಯತ್ಯಾಸವನ್ನೇ ಬದ್ಧತೆ ಎನ್ನುತ್ತೇವೆ. ಭಾಷಣಗಳಲ್ಲಿ ಕೇಳಿ ಕೇಳಿ ಸವೆದುಹೋದ ಮಾತು ಇದು. ಆದರೆ ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿಂದ ಬರುತ್ತದೆ, ಯಾಕೆ ಬತ್ತಿಹೋಗುತ್ತದೆ ಎಂದು ಮಕ್ಕಳಿಗೆ ಯಾರೂ ಕೂತು ಹೇಳುವುದಿಲ್ಲ. "ಮಗಳು ಆರೋಗ್ಯ ಮಂತ್ರಿ ಆಗಿದ್ದಾಳೆ, ಓದಿಗೆ ತೊಂದರೆ ಆಗಲ್ವಾ?" ಎಂದು ಕೇಳುವ ತಂದೆತಾಯಿಗೂ ಉತ್ತರ ಸಿಗುವುದಿಲ್ಲ. ಹಾಗಾಗಿ ಬುಡದಿಂದಲೇ ಶುರು ಮಾಡೋಣ.

ಶಾಲಾ ಸಂಸತ್ತು ಎಂದರೆ

ಶಾಲೆಯ ದಿನನಿತ್ಯದ ಕೆಲವು ಕೆಲಸಗಳನ್ನು ಮಕ್ಕಳೇ ಹಂಚಿಕೊಂಡು ನಡೆಸುವ ವ್ಯವಸ್ಥೆಯೇ ಶಾಲಾ ಸಂಸತ್ತು. ಕೆಲವು ಕಡೆ ಇದನ್ನು ಮಂತ್ರಿಮಂಡಲ ಎನ್ನುತ್ತಾರೆ. ಮಕ್ಕಳು ಮತ ಹಾಕಿ ಮುಖ್ಯಮಂತ್ರಿಯನ್ನೋ ಪ್ರಧಾನಿಯನ್ನೋ ಆರಿಸುತ್ತಾರೆ. ಆರೋಗ್ಯ, ಸ್ವಚ್ಛತೆ, ಆಹಾರ, ಕ್ರೀಡೆ, ಗ್ರಂಥಾಲಯ, ತೋಟ, ಶಿಸ್ತು ಹೀಗೆ ಖಾತೆಗಳು. ಹೆಸರುಗಳು ಶಾಲೆಯಿಂದ ಶಾಲೆಗೆ ಬದಲಾಗುತ್ತವೆ. ಖಾಸಗಿ ಶಾಲೆಗಳಲ್ಲಿ ಹೆಡ್ ಬಾಯ್, ಹೆಡ್ ಗರ್ಲ್, ಹೌಸ್ ಕ್ಯಾಪ್ಟನ್ ಎಂದಿರುತ್ತದೆ.

ಇದರ ಹಿಂದೆ ಒಂದು ದೊಡ್ಡ ವಿಚಾರವಿದೆ. ವಿಶ್ವಸಂಸ್ಥೆ 1989ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿತು. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿತು. ತಮಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕು ಮಕ್ಕಳಿಗಿದೆ, ಆ ಮಾತಿಗೆ ದೊಡ್ಡವರು ಬೆಲೆ ಕೊಡಬೇಕು ಎಂದು ಅದರ 12ನೇ ವಿಧಿ ಹೇಳುತ್ತದೆ. ಶಾಲಾ ಸಂಸತ್ತು ಆ ಹಕ್ಕನ್ನು ಬಳಸಲು ಕಲಿಯುವ ಮೊದಲ ಜಾಗ.

ಒಂದು ಮಾತನ್ನು ಗಮನಿಸಬೇಕು. ಈ ಮಂತ್ರಿಗಳಿಗೆ ಸಂಬಳ ಇಲ್ಲ, ಯಾರನ್ನೂ ಶಿಕ್ಷಿಸುವ ಅಧಿಕಾರ ಇಲ್ಲ, ಮಾರ್ಕ್ಸ್ ಕೊಡುವ ಹಾಗಿಲ್ಲ. ಕಚೇರಿಯ ಮ್ಯಾನೇಜರ್ ಕೈಯಲ್ಲಿರುವ ಯಾವ ಹತೋಟಿಯೂ ಹದಿಮೂರು ವರ್ಷದ ಆರೋಗ್ಯ ಮಂತ್ರಿಯ ಕೈಯಲ್ಲಿಲ್ಲ. ಆದರೂ ಮಕ್ಕಳು ಅವಳ ಮಾತು ಕೇಳಬೇಕು. ಹೇಗೆ ಕೇಳುತ್ತಾರೆ? ಬದ್ಧತೆಯ ಕಥೆ ಇಲ್ಲಿಂದಲೇ ಶುರುವಾಗುತ್ತದೆ.

ಉತ್ಸಾಹ ಬೇರೆ, ಬದ್ಧತೆ ಬೇರೆ

ಸುಲಭವಾಗಿ ಹೇಳುವುದಾದರೆ, ಒಂದು ಕೆಲಸವನ್ನು ಒಪ್ಪಿಕೊಂಡ ಮೇಲೆ ಅದು ಬೇಜಾರು ತರಿಸುವ ದಿನವೂ ಮಾಡುವುದು ಬದ್ಧತೆ. ಹಾಗೆ ನೋಡಿದರೆ ಮನಸ್ಸು ಚೆನ್ನಾಗಿರುವ ದಿನ ಮಾಡುವ ಕೆಲಸದಿಂದ ಬದ್ಧತೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮಳೆ ಬರುವ ದಿನ, ಗೆಳತಿಯರೆಲ್ಲ ಆಟಕ್ಕೆ ಓಡಿದ ದಿನ, ಯಾರೂ ನೋಡದ ದಿನ ಏನಾಗುತ್ತದೆ ಎನ್ನುವುದೇ ಪರೀಕ್ಷೆ.

ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯನ್ನು ಕಲ್ಪಿಸಿಕೊಳ್ಳಿ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಆರೋಗ್ಯ ಮಂತ್ರಿ. ಬಿಸಿಯೂಟದ ಬೆಲ್ ಹೊಡೆಯುವ ಐದು ನಿಮಿಷ ಮೊದಲು ಟೀಚರ್ ಹತ್ತಿರ ಹೇಳಿ ಕ್ಲಾಸಿನಿಂದ ಹೊರಗೆ ಬರುತ್ತಾಳೆ. ಸೋಪಿನ ಚೂರು ಹಾಕಿದ ಬಲೆ ಚೀಲವನ್ನು ನಲ್ಲಿಗೆ ಕಟ್ಟುತ್ತಾಳೆ. ತೊಟ್ಟಿಯಲ್ಲಿ ನೀರಿದೆಯಾ ನೋಡುತ್ತಾಳೆ, ಇಲ್ಲದಿದ್ದರೆ ಮೋಟರ್ ಹಾಕಲು ಅಡುಗೆಯವರಿಗೆ ಹೇಳುತ್ತಾಳೆ. ಬೆಲ್ ಆಗುತ್ತದೆ. ಒಂದನೇ ಕ್ಲಾಸಿನ ಚಿಕ್ಕವರು ತಟ್ಟೆ ಹಿಡಿದು ಓಡಿ ಬರುತ್ತಾರೆ. ಸೋಪು ಮುಟ್ಟದೆ ಬರೀ ನೀರಿಗೆ ಕೈಯೊಡ್ಡಿ ಓಡುವವರನ್ನು ಹಿಡಿದು ನಿಲ್ಲಿಸಿ, ಬೆರಳ ಸಂದಿ ಉಜ್ಜಿಸಿ ಕಳಿಸುತ್ತಾಳೆ. ಎಲ್ಲರೂ ಕೂತ ಮೇಲೆ ತಾನೂ ಕೈ ತೊಳೆದು, ಸೋಪಿನ ಚೀಲ ಬಿಚ್ಚಿ, ಕಿಟಕಿಯ ಸರಳಿಗೆ ಸಿಕ್ಕಿಸಿ ಊಟಕ್ಕೆ ಹೋಗುತ್ತಾಳೆ. ಬಿಚ್ಚದೆ ಬಿಟ್ಟರೆ ಕಾಗೆ ಎತ್ತಿಕೊಂಡು ಹೋಗುತ್ತದೆ ಎಂದು ಮೊದಲ ವಾರವೇ ಗೊತ್ತಾಗಿರುತ್ತದೆ.

ಇದರಲ್ಲಿ ದೊಡ್ಡದೇನಿದೆ ಎನಿಸಬಹುದು. ಆದರೆ ಇದನ್ನು ವರ್ಷಪೂರ್ತಿ ಮಾಡಬೇಕು. ಪ್ರಚಾರದ ದಿನ "ನಮ್ಮ ಶಾಲೆಯನ್ನು ಜಿಲ್ಲೆಗೇ ಮಾದರಿ ಮಾಡುತ್ತೇನೆ" ಎಂದವಳು ಗೆಲ್ಲಬಹುದು. ಆದರೆ ನಲ್ಲಿ ಹತ್ತಿರದ ಆ ಹದಿನೈದು ನಿಮಿಷದ ಕೆಲಸವನ್ನು ಅವಳ ಭಾಷಣ ಮಾಡಿಕೊಡುವುದಿಲ್ಲ.

ಒಂದೇ ಕೆಲಸ, ಮೂರು ಕಾರಣ

ಜನ ಒಂದು ಸಂಸ್ಥೆಗೋ ಕೆಲಸಕ್ಕೋ ಯಾಕೆ ಅಂಟಿಕೊಂಡಿರುತ್ತಾರೆ ಎಂಬುದನ್ನು ಕೆನಡಾದ ಜಾನ್ ಮೇಯರ್ ಮತ್ತು ನಟಾಲಿ ಆಲನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಅಧ್ಯಯನ ಮಾಡಿದರು. 1991ರಲ್ಲಿ ಅವರು ಅದನ್ನು ಮೂರು ಬಗೆಯಾಗಿ ವಿಂಗಡಿಸಿದರು. ಅವರು ನೋಡಿದ್ದು ನೌಕರರನ್ನು. ಆದರೆ ಅದೇ ವಿಂಗಡಣೆ ನಮ್ಮ ಶಾಲಾ ಮಂತ್ರಿಗಳಿಗೂ ಚೆನ್ನಾಗಿ ಹೊಂದುತ್ತದೆ.

ಮೊದಲನೆಯದು ಇಷ್ಟದಿಂದ ಬರುವುದು. ಗ್ರಂಥಾಲಯ ಮಂತ್ರಿಗೆ ಪುಸ್ತಕವೆಂದರೆ ಪ್ರಾಣ. ಪುಸ್ತಕ ಕೊಡುವುದು, ವಾಪಸ್ ಪಡೆಯುವುದು, ಹರಿದದ್ದಕ್ಕೆ ಅಂಟು ಹಚ್ಚುವುದು ಅವನಿಗೆ ಭಾರವೇ ಅಲ್ಲ. ಎರಡನೆಯದು ಋಣದಿಂದ ಬರುವುದು. "ಎಲ್ಲರೂ ನಂಬಿ ವೋಟು ಹಾಕಿದ್ದಾರೆ, ಮಾಡದಿದ್ದರೆ ಸರಿಯಲ್ಲ" ಎನ್ನುವ ಭಾವನೆ. ಮೂರನೆಯದು ಕಳೆದುಕೊಳ್ಳುವ ಭಯದಿಂದ ಬರುವುದು. ಬಿಟ್ಟರೆ ಬ್ಯಾಡ್ಜ್ ಹೋಗುತ್ತದೆ, ಮೇಷ್ಟ್ರು ಬೈಯುತ್ತಾರೆ, ಮನೆಯಲ್ಲಿ ಅವಮಾನ.

ಮೂರೂ ಮಗುವನ್ನು ಹುದ್ದೆಯಲ್ಲಿ ಉಳಿಸುತ್ತವೆ. ಆದರೆ ಕೆಲಸದ ಗುಣ ಒಂದೇ ಆಗಿರುವುದಿಲ್ಲ. ಇಷ್ಟದಿಂದ ಅಂಟಿಕೊಂಡವರು ಹೇಳಿದ್ದಕ್ಕಿಂತ ಜಾಸ್ತಿ ಮಾಡುತ್ತಾರೆ ಎಂದು ಈ ವಿಷಯದ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಋಣದಿಂದ ಮಾಡುವವರದ್ದು ಅದರ ನಂತರದ ಸ್ಥಾನ. ಬರೀ ಭಯದಿಂದ ಉಳಿದವರು ಹುದ್ದೆಯಲ್ಲಿ ಇರುತ್ತಾರೆ ಅಷ್ಟೆ, ಎಷ್ಟು ಮಾಡಿದರೆ ಬೈಗುಳ ತಪ್ಪುತ್ತದೋ ಅಷ್ಟಕ್ಕೇ ನಿಲ್ಲುತ್ತಾರೆ.

ಖಾತೆ ಹಂಚುವಾಗ ಇದನ್ನು ನೆನಪಿಡುವುದು ಒಳ್ಳೆಯದು. ಗಿಡಗಳನ್ನು ಕಂಡರೆ ಆಗದ ಹುಡುಗನಿಗೆ "ಹೇಗೂ ಗೆದ್ದಿದ್ದೀಯಲ್ಲ" ಎಂದು ತೋಟದ ಖಾತೆ ಕೊಟ್ಟರೆ ಅವನಿಗೆ ಉಳಿಯುವುದು ಮೂರನೇ ಬಗೆ ಮಾತ್ರ. ಮಗುವನ್ನೇ ಕೇಳಿ ಕೊಡುವುದಕ್ಕೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಉಳಿಸಲು ಹೋಗಿ ವರ್ಷವನ್ನೇ ಕಳೆದುಕೊಳ್ಳುವ ಶಾಲೆಗಳು ಕಡಿಮೆಯೇನಿಲ್ಲ.

ಹಾಗೆಂದು ಮೊದಲು ಇಷ್ಟ ಹುಟ್ಟಲಿ, ಆಮೇಲೆ ಕೆಲಸ ಎಂದು ಕಾಯಬೇಕಿಲ್ಲ. ಋಣಕ್ಕಾಗಿ ಶುರು ಮಾಡಿದ ಕೆಲಸದಲ್ಲಿ ಕೈ ಪಳಗಿ, ಫಲ ಕಣ್ಣಿಗೆ ಕಂಡು, ನಿಧಾನವಾಗಿ ಇಷ್ಟ ಹುಟ್ಟುವುದೂ ಉಂಟು. ನೆಟ್ಟ ಕರಿಬೇವಿನ ಗಿಡದ ಸೊಪ್ಪು ಬಿಸಿಯೂಟದ ಸಾಂಬಾರಿಗೆ ಬಿದ್ದ ದಿನ ತೋಟದ ಮಂತ್ರಿಯ ಮುಖ ನೋಡಬೇಕು.

ಜೊತೆಯವರು ಯಾಕೆ ಮಾತು ಕೇಳುತ್ತಾರೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಧಿಕಾರ ಇಲ್ಲದ ಮಗುವಿನ ಮಾತನ್ನು ಉಳಿದ ಮಕ್ಕಳು ಯಾಕೆ ಕೇಳಬೇಕು?

ಊರಲ್ಲಿ ಚೀಟಿ ನಡೆಸುವವರನ್ನು ನೋಡಿ. ಇಪ್ಪತ್ತು ಜನ ಪ್ರತಿ ತಿಂಗಳು ಒಂದೇ ತಾರೀಖಿಗೆ ದುಡ್ಡು ಕಟ್ಟುತ್ತಾರೆ. ಚೀಟಿ ಎತ್ತಿದವರಿಗೆ ಅದೇ ದಿನ ಹಣ ಸಿಗಬೇಕು. ನಡೆಸುವವರು ಮೊದಲ ನಾಲ್ಕೈದು ತಿಂಗಳು ಹೇಳಿದ ದಿನಕ್ಕೆ ಕೊಟ್ಟರೆ ಆಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಒಂದು ತಿಂಗಳು "ಮುಂದಿನ ವಾರ ಕೊಡ್ತೀನಿ" ಎಂದರೆ ಸಾಕು, ಕಟ್ಟುವವರ ಕೈಯೂ ಹಿಂದೆ ಸರಿಯುತ್ತದೆ. ಚಿಕ್ಕ ಚಿಕ್ಕ ಕಂತುಗಳಲ್ಲಿ ಕೂಡುವ ನಂಬಿಕೆ ಒಂದೇ ಕಂತು ತಪ್ಪಿದರೆ ಅಲ್ಲಾಡುತ್ತದೆ. ವಿದ್ಯಾರ್ಥಿ ನಾಯಕರ ಬಂಡವಾಳವೂ ಇದೇ. ಹೇಳಿದ ದಿನ, ಹೇಳಿದ ಹೊತ್ತಿಗೆ, ಹೇಳಿದ ಜಾಗದಲ್ಲಿ ಅವರು ಇದ್ದರೇ ಇಲ್ಲವೇ ಎನ್ನುವುದನ್ನು ಮಕ್ಕಳು ಲೆಕ್ಕ ಇಡುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಇಡುತ್ತಾರೆ.

ದೊಡ್ಡವರ ಲೋಕದಲ್ಲಿ ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಟೋನಿ ಸೈಮನ್ಸ್ ಎಂಬ ಪ್ರಾಧ್ಯಾಪಕರು ಅಮೆರಿಕ ಮತ್ತು ಕೆನಡಾದ 70ಕ್ಕೂ ಹೆಚ್ಚು ಹೋಟೆಲ್‌ಗಳ ನೌಕರರನ್ನು ಮಾತಾಡಿಸಿದರು. ನಿಮ್ಮ ಮ್ಯಾನೇಜರ್ ಹೇಳಿದ್ದನ್ನು ಮಾಡುತ್ತಾರಾ, ಕೊಟ್ಟ ಮಾತು ಉಳಿಸಿಕೊಳ್ಳುತ್ತಾರಾ ಎನ್ನುವುದು ಪ್ರಶ್ನೆ. 2002ರಲ್ಲಿ ಅದರ ಫಲಿತಾಂಶ ಹೊರಬಂತು. ನುಡಿದಂತೆ ನಡೆಯುತ್ತಾರೆ ಎಂದು ನೌಕರರು ನಂಬಿದ್ದ ಹೋಟೆಲ್‌ಗಳ ಲಾಭ ಉಳಿದವುಗಳಿಗಿಂತ ಜಾಸ್ತಿ ಇತ್ತು. ಮ್ಯಾನೇಜರ್ ಮಾತನ್ನು ನಂಬಿದ ನೌಕರ ಕೆಲಸಕ್ಕೆ ಮನಸ್ಸು ಕೊಡುತ್ತಾನೆ, ಬಂದ ಗಿರಾಕಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ.

ಅರ್ಥಶಾಸ್ತ್ರಜ್ಞರು ಆಡಿಸುವ ಒಂದು ಆಟವೂ ಇದನ್ನೇ ಹೇಳುತ್ತದೆ. ನಾಲ್ಕು ಜನರಿಗೆ ಸಮವಾಗಿ ದುಡ್ಡು ಕೊಡುತ್ತಾರೆ. ಎಷ್ಟು ಬೇಕೋ ಅಷ್ಟು ಒಂದು ಸಾಮೂಹಿಕ ಡಬ್ಬಿಗೆ ಹಾಕಬಹುದು. ಡಬ್ಬಿಗೆ ಬಿದ್ದ ದುಡ್ಡನ್ನು ಹೆಚ್ಚಿಸಿ ಎಲ್ಲರಿಗೂ ಸಮನಾಗಿ ಹಂಚುತ್ತಾರೆ, ಹಾಕದೆ ಇದ್ದವರಿಗೂ ಪಾಲು ಸಿಗುತ್ತದೆ. ಎಲ್ಲರೂ ಪೂರ್ತಿ ಹಾಕಿದರೆ ಎಲ್ಲರಿಗೂ ಲಾಭ. ಆದರೆ "ಅವರು ಹಾಕಲಿ, ನಾನು ಉಳಿಸಿಕೊಳ್ಳೋಣ" ಎನ್ನುವ ಆಸೆ ಒಬ್ಬೊಬ್ಬರಿಗೂ ಇರುತ್ತದೆ. ಈ ಆಟದಲ್ಲಿ ಒಬ್ಬರು ಎಲ್ಲರಿಗೂ ಕಾಣುವ ಹಾಗೆ ಮೊದಲು ಹಾಕಿದರೆ ಉಳಿದವರ ಕೈ ಬಹುಮಟ್ಟಿಗೆ ಅವರನ್ನೇ ಹಿಂಬಾಲಿಸುತ್ತದೆ. ಮೊದಲನೆಯವರು ಜಾಸ್ತಿ ಹಾಕಿದರೆ ಉಳಿದವರೂ ಜಾಸ್ತಿ, ಕಡಿಮೆ ಹಾಕಿದರೆ ಕಡಿಮೆ.

ಶಾಲೆಯ ಅಂಗಳದ ಕಸ ಆ ಸಾಮೂಹಿಕ ಡಬ್ಬಿಯ ಹಾಗೆಯೇ. ಯಾರು ಹೆಕ್ಕಿದರೂ ಎಲ್ಲರಿಗೂ ಅನುಕೂಲ, ಹಾಗಾಗಿ ಯಾರೂ ಹೆಕ್ಕುವುದಿಲ್ಲ. ಸ್ವಚ್ಛತಾ ಮಂತ್ರಿ ಜಗಲಿ ಮೇಲೆ ನಿಂತು ಕೂಗಿದರೆ ನಾಲ್ಕು ಜನ ಬರಬಹುದು. ಅವನೇ ಬಗ್ಗಿ ಮೊದಲ ಚಾಕೊಲೇಟ್ ಕಾಗದ ಎತ್ತಿದರೆ ಪಕ್ಕದವನಿಗೂ ಬಗ್ಗಬೇಕು ಎನಿಸುತ್ತದೆ.

ಬದ್ಧತೆ ಬೆಳೆಸಲು ಏನು ಮಾಡಬೇಕು?

ಇದನ್ನು ಹುಟ್ಟುಗುಣ ಎಂದು ತಿಳಿದವರು ಬಹಳ. "ಅವಳು ಮೊದಲಿಂದಲೂ ಹಾಗೇ" ಎಂದುಬಿಡುತ್ತೇವೆ. ಸ್ವಭಾವದ ಪಾಲು ಸ್ವಲ್ಪ ಇದ್ದೇ ಇರುತ್ತದೆ. ಆದರೆ ಕಲಿಯಬಹುದಾದ ಪಾಲೂ ದೊಡ್ಡದೇ.

ಗುರಿಗಳ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬ ಸಂಶೋಧಕರು ಹೇಳಿದ ಮುಖ್ಯ ವಿಷಯ ಇದು: "ಆದಷ್ಟು ಚೆನ್ನಾಗಿ ಮಾಡು" ಎನ್ನುವುದಕ್ಕಿಂತ ಇಂಥದ್ದನ್ನು ಇಷ್ಟು ಮಾಡು ಎನ್ನುವ ಸ್ಪಷ್ಟ ಗುರಿ ಜಾಸ್ತಿ ಕೆಲಸ ಮಾಡಿಸುತ್ತದೆ. ಗುರಿ ಕಷ್ಟದ್ದಾದಷ್ಟೂ ಬದ್ಧತೆಯ ಅಗತ್ಯ ಹೆಚ್ಚು. ಸುಲಭದ ಗುರಿಯನ್ನು ಅರೆಮನಸ್ಸಿನಿಂದಲೂ ಮುಟ್ಟಬಹುದು, ಕಷ್ಟದ್ದನ್ನು ಆಗುವುದಿಲ್ಲ. ಬದ್ಧತೆ ಗಟ್ಟಿಯಾಗಲು ಎರಡು ಬೇಕು: ಈ ಗುರಿ ಮುಖ್ಯ ಎನಿಸಬೇಕು, ಇದು ನನ್ನಿಂದ ಆಗುತ್ತದೆ ಎಂದೂ ಎನಿಸಬೇಕು. "ಶಾಲೆಯಲ್ಲಿ ಶಿಸ್ತು ತರುತ್ತೇನೆ" ಎನ್ನುವ ಮಾತಿನಲ್ಲಿ ಎರಡನೆಯದು ಇಲ್ಲ. ಎಲ್ಲಿಂದ ಹಿಡಿಯಬೇಕೆಂದೇ ಮಗುವಿಗೆ ತಿಳಿಯುವುದಿಲ್ಲ. "ಪ್ರಾರ್ಥನೆಯ ಬೆಲ್ ಆದ ಎರಡು ನಿಮಿಷದೊಳಗೆ ನಮ್ಮ ಕ್ಲಾಸು ಸಾಲಾಗಿ ನಿಲ್ಲಬೇಕು" ಎನ್ನುವುದರಲ್ಲಿ ಇದೆ.

ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮಾಡುತ್ತೇನೆ ಎಂದುಕೊಳ್ಳುವುದಕ್ಕೂ ಮಾಡುವುದಕ್ಕೂ ನಡುವೆ ದೊಡ್ಡ ಕಂದಕವಿದೆ. ಅದನ್ನು ದಾಟಲು ಅವರು ತೋರಿಸಿದ ದಾರಿ ತೀರಾ ಸರಳ: ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ತೀರ್ಮಾನಿಸಿಡುವುದು. ಒಂದು ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕ್ರಿಸ್‌ಮಸ್ ರಜೆಯಲ್ಲಿ ಒಂದು ಬರಹ ಬರೆದು ಕಳಿಸಲು ಹೇಳಿದರು. ಎಲ್ಲಿ, ಯಾವಾಗ ಬರೆಯುತ್ತೇವೆ ಎಂದು ಮೊದಲೇ ಗುರುತು ಮಾಡಿಕೊಂಡವರಲ್ಲಿ ಕೆಲಸ ಮುಗಿಸಿದವರ ಪ್ರಮಾಣ ಹಾಗೆ ಮಾಡದವರಿಗಿಂತ ಎರಡು ಪಟ್ಟಿಗೂ ಜಾಸ್ತಿ. ಮನಸ್ಸು ಎಲ್ಲರಿಗೂ ಇತ್ತು. ಹೊತ್ತು, ಜಾಗ ಗೊತ್ತು ಮಾಡಿಕೊಂಡಿದ್ದೇ ವ್ಯತ್ಯಾಸ. ನಮ್ಮ ಆರೋಗ್ಯ ಮಂತ್ರಿಗೆ "ಊಟದ ಬೆಲ್‌ಗೆ ಐದು ನಿಮಿಷ ಮೊದಲು, ನಲ್ಲಿ ಹತ್ತಿರ" ಎಂದು ಗೊತ್ತಿರುವುದು ಸಣ್ಣ ವಿಷಯವಲ್ಲ. ದಿನವೂ "ಇವತ್ತು ಹೋಗಲಾ ಬೇಡವಾ" ಎಂದು ಮನಸ್ಸಿನ ಜೊತೆ ಜಗಳ ಮಾಡುವ ಶ್ರಮ ಅವಳಿಗೆ ತಪ್ಪುತ್ತದೆ.

ಎಲ್ಲರ ಮುಂದೆ ಮಾತು ಕೊಟ್ಟರೆ ಬದ್ಧತೆ ಹೆಚ್ಚುತ್ತದಾ? ಇದಕ್ಕೆ ಉತ್ತರ ಸ್ವಲ್ಪ ಸಂಕೀರ್ಣ. ಕೊಟ್ಟ ಮಾತು ಯಾರಿಗೋ ನೆನಪಿದ್ದು, ಆಮೇಲೆ ಕೇಳುವವರಿದ್ದರೆ ಹೆಚ್ಚುತ್ತದೆ. ಆದರೆ ಬರೀ ಘೋಷಣೆಯಿಂದ ಉಲ್ಟಾ ಆಗುವುದೂ ಇದೆ. ಗಾಲ್ವಿಟ್ಸರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾನೂನು ವಿದ್ಯಾರ್ಥಿಗಳೂ ಇದ್ದರು. ಒಳ್ಳೆಯ ವಕೀಲರಾಗಲು ಕಷ್ಟಪಟ್ಟು ಓದುತ್ತೇವೆ ಎಂಬ ಅವರ ನಿರ್ಧಾರವನ್ನು ಬೇರೆಯವರು ಗಮನಿಸಿದಾಗ, ಅವರು ಆಮೇಲೆ ಓದಿದ್ದು ಕಡಿಮೆಯಾಯಿತು. ಹೇಳಿದ ಕ್ಷಣವೇ ಆಗಿಬಿಟ್ಟೆ ಎನ್ನುವ ತೃಪ್ತಿ ಸ್ವಲ್ಪ ಸಿಕ್ಕಿಬಿಡುತ್ತದೆ. ಪ್ರಮಾಣವಚನದ ದಿನವೇ ಹಾರ, ಶಾಲು, ಫೋಟೋ ಎಂದು ಸಂಭ್ರಮವೆಲ್ಲ ಮುಗಿದರೆ ಮಗುವಿಗೆ ಕೆಲಸವೇ ಮುಗಿದ ಹಾಗೆ ಅನಿಸಬಹುದು. ಆ ಚಪ್ಪಾಳೆಯಲ್ಲಿ ಅರ್ಧವನ್ನಾದರೂ ಡಿಸೆಂಬರಿಗೆ ಎತ್ತಿಟ್ಟರೆ ಮಕ್ಕಳಿಗೆ ನಿಜವಾಗಿ ಸಹಾಯವಾಗುತ್ತದೆ.

ಹಾಜರಿಯಿಂದ ಅಳೆಯುವ ಸಂಸ್ಥೆಗಳು

ವಿದ್ಯಾರ್ಥಿಗಳನ್ನು ನಾಯಕತ್ವಕ್ಕೆ ತಯಾರು ಮಾಡುವ ಹಳೆಯ ಸಂಸ್ಥೆಗಳು ಬದ್ಧತೆಯನ್ನು ಹೇಗೆ ಅಳೆಯುತ್ತವೆ ಎನ್ನುವುದು ಗಮನಿಸಬೇಕಾದ ಸಂಗತಿ. ಯಾವುದೂ ಭಾಷಣ ಕೇಳಿ ಅಳೆಯುವುದಿಲ್ಲ.

ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್, ಗಾಂಧೀಜಿಯ ಜನ್ಮ ಶತಮಾನೋತ್ಸವದ ವರ್ಷ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಶುರುವಾಯಿತು. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಜೊತೆಗೆ ಏಳು ದಿನದ ವಿಶೇಷ ಶಿಬಿರ. ಶಿಬಿರ ಮಾಡಿದವರಿಗೆ ಗೊತ್ತು: ಮೊದಲ ದಿನ ಎಲ್ಲರೂ ಪಿಕಾಸಿ ಹಿಡಿಯುತ್ತಾರೆ, ನಾಲ್ಕನೇ ದಿನ ಬೆಳಿಗ್ಗೆ ಯಾರು ಮೊದಲು ಏಳುತ್ತಾರೆ ಎನ್ನುವುದರಲ್ಲಿ ತಂಡದ ನಾಯಕ ಯಾರು ಎಂದು ತಾನಾಗಿ ತಿಳಿಯುತ್ತದೆ. ಎನ್‌ಸಿಸಿಯಲ್ಲಿ ಬಿ ಮತ್ತು ಸಿ ಸರ್ಟಿಫಿಕೇಟ್ ಪರೀಕ್ಷೆಗೆ ಕೂರಬೇಕಾದರೆ ಪರೇಡಿಗೆ ಶೇ. 75ರಷ್ಟು ಹಾಜರಿ ಬೇಕು. ಕಾಲೇಜು ಚುನಾವಣೆಗಳ ನಿಯಮ ರೂಪಿಸಿದ ಲಿಂಗ್ಡೋ ಸಮಿತಿ 2006ರಲ್ಲಿ ಅಭ್ಯರ್ಥಿಗಳಿಗೆ ಹಾಕಿದ ಷರತ್ತುಗಳಲ್ಲೂ ಕನಿಷ್ಠ ಶೇ. 75ರ ಹಾಜರಿ ಒಂದು.

ಸ್ಕೌಟಿಂಗ್‌ನ ದಾರಿ ಇನ್ನೂ ಚೆಂದ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟಿಂಗ್‌ನ ಸ್ಥಾಪಕ ಬೇಡನ್ ಪೊವೆಲ್ ಮೊದಲ ಪ್ರಯೋಗ ಶಿಬಿರ ನಡೆಸಿದಾಗ ಹುಡುಗರನ್ನು ನಾಲ್ಕು ಚಿಕ್ಕ ತಂಡಗಳಾಗಿ ಮಾಡಿ, ಪ್ರತಿ ತಂಡದ ಜವಾಬ್ದಾರಿಯನ್ನು ಅವರಲ್ಲೇ ಒಬ್ಬನಿಗೆ ವಹಿಸಿದರು. ಎರಡೇ ವರ್ಷದಲ್ಲಿ, 1909ರಲ್ಲಿ, ಭಾರತದ ಮೊದಲ ಸ್ಕೌಟ್ ದಳ ಬೆಂಗಳೂರಿನಲ್ಲೇ ಶುರುವಾಯಿತು. ಆರೆಂಟು ಮಕ್ಕಳ ತಂಡ ಎನ್ನುವ ಲೆಕ್ಕ ಇವತ್ತಿಗೂ ಉಳಿದಿದೆ. ಕಾರಣವೂ ಸರಳ. ಇನ್ನೂರು ಮಕ್ಕಳ ಮುಂದೆ ಬದ್ಧತೆ ತೋರಿಸುವುದು ಹೇಗೆಂದು ಮಗುವಿಗೆ ತಿಳಿಯದು. ಏಳು ಜನರಲ್ಲಿ ಯಾರು ತಿಂಡಿ ತಿಂದಿಲ್ಲ, ಯಾರ ಕಾಲಿಗೆ ಗಾಯವಾಗಿದೆ ಎಂದು ನೋಡಿಕೊಳ್ಳುವುದು ಅದಕ್ಕೆ ಬರುತ್ತದೆ.

ಫಲ ಬೇಗ ಸಿಗದಿದ್ದಾಗ: ಮಕ್ಕಳ ಗ್ರಾಮ ಸಭೆ

ಕೈ ತೊಳೆಸುವ ಕೆಲಸದ ಫಲ ಅವತ್ತೇ ಕಾಣುತ್ತದೆ. ಎಲ್ಲ ಕೆಲಸವೂ ಹಾಗಿರುವುದಿಲ್ಲ. ಕರ್ನಾಟಕದಲ್ಲಿ 2006ರಿಂದ ಗ್ರಾಮ ಪಂಚಾಯ್ತಿಗಳು ಮಕ್ಕಳಿಗಾಗಿಯೇ ಪ್ರತ್ಯೇಕ ಗ್ರಾಮ ಸಭೆ ನಡೆಸಬೇಕೆಂಬ ಸರ್ಕಾರಿ ಸೂಚನೆ ಇದೆ. ಅಲ್ಲಿ ಮಕ್ಕಳು ಎದ್ದು ನಿಂತು ಅಧ್ಯಕ್ಷರು, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮುಂದೆ ತಮ್ಮ ತೊಂದರೆ ಹೇಳುತ್ತಾರೆ. ಶಾಲೆಗೆ ಕಾಂಪೌಂಡ್ ಇಲ್ಲ, ಶೌಚಾಲಯಕ್ಕೆ ನೀರಿಲ್ಲ, ಬಸ್ಸು ಹೊತ್ತಿಗೆ ಬರುವುದಿಲ್ಲ, ದಾರಿಯಲ್ಲಿ ಹಳ್ಳ ದಾಟಬೇಕು.

ಮೈಕಿನಲ್ಲಿ ಹೇಳಿದ ದಿನ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕೆಲಸ ಶುರುವಾಗುವುದು ಮರುದಿನ. ಬೇಡಿಕೆಯನ್ನು ಬರೆದು ಕೊಡಬೇಕು, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಬೇಕು, ಸಭೆಯ ನಡಾವಳಿ ಪುಸ್ತಕದಲ್ಲಿ ಅದು ಸೇರಿದೆಯಾ ಕೇಳಬೇಕು, ತಿಂಗಳು ಬಿಟ್ಟು ಮತ್ತೆ ವಿಚಾರಿಸಬೇಕು. ಶೌಚಾಲಯದ ಪೈಪು ಒಂದು ತಿಂಗಳಲ್ಲಿ ಬರಬಹುದು. ಕಾಂಪೌಂಡು ಕೇಳಿದ ಮಕ್ಕಳು ಶಾಲೆ ಬಿಟ್ಟು ಹೋದ ಮೇಲೆ ಬರಬಹುದು. ಇಂಥ ಕಡೆ ಒಬ್ಬ ಮಂತ್ರಿಯ ಬದ್ಧತೆ ಸಾಲುವುದಿಲ್ಲ, ಒಂದು ನೋಟ್‌ಬುಕ್ ಬೇಕು. ಯಾವ ದಿನ ಏನು ಕೊಟ್ಟೆವು, ಯಾರು ಏನು ಹೇಳಿದರು ಎಂದು ಅದರಲ್ಲಿ ಬರೆದಿದ್ದರೆ ಮುಂದಿನ ವರ್ಷದ ಮಂತ್ರಿ ಅಲ್ಲಿಂದ ಹಿಡಿದುಕೊಳ್ಳಬಹುದು.

ಬದ್ಧತೆ ಹಠವಾದಾಗ

ಒಂದು ಅಪಾಯವನ್ನೂ ಹೇಳಲೇಬೇಕು. 1976ರಲ್ಲಿ ಅಮೆರಿಕದ ಬ್ಯಾರಿ ಸ್ಟಾ ಎಂಬ ಸಂಶೋಧಕರು ವ್ಯವಹಾರ ನಿರ್ವಹಣೆ ಓದುವ ವಿದ್ಯಾರ್ಥಿಗಳಿಗೆ ಒಂದು ಕಂಪನಿಯ ಹಣ ಹಂಚುವ ಅಭ್ಯಾಸ ಕೊಟ್ಟರು. ಎರಡು ವಿಭಾಗಗಳಲ್ಲಿ ಒಂದನ್ನು ಆರಿಸಿ ಹಣ ಕೊಡಬೇಕು. ಆಮೇಲೆ ಕೆಲವರಿಗೆ ನೀವು ಆರಿಸಿದ್ದು ನಷ್ಟದಲ್ಲಿದೆ ಎಂದು ತಿಳಿಸಿ, ಮತ್ತೆ ಹಣ ಹಂಚಲು ಹೇಳಿದರು. ತಾವೇ ಆರಿಸಿದ್ದು ನೆಲಕಚ್ಚಿದ್ದನ್ನು ಕಂಡವರು ಅದೇ ವಿಭಾಗಕ್ಕೆ ಇನ್ನೂ ಜಾಸ್ತಿ ಹಣ ಸುರಿದರು. ನನ್ನ ತೀರ್ಮಾನ ತಪ್ಪಲ್ಲ ಎಂದು ತೋರಿಸಿಕೊಳ್ಳುವ ಆಸೆ ಅದು.

ವಿದ್ಯಾರ್ಥಿ ನಾಯಕರಲ್ಲೂ ಇದು ಕಾಣುತ್ತದೆ. ತಡವಾಗಿ ಬಂದವರ ಹೆಸರನ್ನು ಬೋರ್ಡ್ ಮೇಲೆ ಬರೆಯುವ ಪದ್ಧತಿಯನ್ನು ಶಿಸ್ತು ಮಂತ್ರಿ ಶುರು ಮಾಡುತ್ತಾನೆ. ತಡವಾಗಿ ಬರುವವರು ಕಡಿಮೆಯಾಗುವ ಬದಲು ಶಾಲೆಗೇ ಬರದೆ ಉಳಿಯಲು ಶುರು ಮಾಡುತ್ತಾರೆ. ಆದರೂ ಅವನು ಬಿಡುವುದಿಲ್ಲ, ಯಾಕೆಂದರೆ ಅದು ಅವನ ಯೋಜನೆ. ಇಲ್ಲಿ ಕೇಳಬೇಕಾದ ಪ್ರಶ್ನೆ: ನಾನು ಮಾತು ಕೊಟ್ಟಿದ್ದು ಮಕ್ಕಳು ಹೊತ್ತಿಗೆ ಸರಿಯಾಗಿ ಬರಲಿ ಎಂಬುದಕ್ಕೋ, ಬೋರ್ಡ್ ಮೇಲೆ ಹೆಸರು ಬರೆಯುವುದಕ್ಕೋ? ಗುರಿಗೆ ಅಂಟಿಕೊಂಡು ದಾರಿ ಬದಲಿಸುವವರು ಬದ್ಧರು. ದಾರಿಗೇ ಅಂಟಿಕೊಂಡರೆ ಅದು ಹಠ.

ಇನ್ನೊಂದು ಅಪಾಯ ಎಲ್ಲವನ್ನೂ ತಾನೇ ಮಾಡುವುದು. ಚುರುಕಾದ ಮಗು ಸಿಕ್ಕಿದರೆ ನಾವು ದೊಡ್ಡವರೇ ಎಲ್ಲ ಕೆಲಸವನ್ನೂ ಅದರ ತಲೆಗೆ ಕಟ್ಟುತ್ತೇವೆ. ಅದೇ ಮಗು ಪ್ರಾರ್ಥನೆ ನಡೆಸಬೇಕು, ಪ್ರತಿಭಾ ಕಾರಂಜಿಗೂ ಹೋಗಬೇಕು, ಅತಿಥಿ ಬಂದರೆ ಹೂವೂ ಕೊಡಬೇಕು. ಮಗು ಇಲ್ಲ ಎನ್ನುವುದಿಲ್ಲ, ಒಳಗೊಳಗೇ ಸೋಲುತ್ತದೆ.

ತಂದೆತಾಯಿ, ಟೀಚರ್ ಕೇಳುವ ಪ್ರಶ್ನೆಗಳು

*ಓದಿಗೆ ತೊಂದರೆ ಆಗುತ್ತದಾ?* ಕೆಲಸಕ್ಕೆ ಗಡಿ ಇಲ್ಲದಿದ್ದರೆ ಆಗುತ್ತದೆ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಎಂದು ಮೊದಲೇ ಗೊತ್ತು ಮಾಡಿದರೆ ಸಾಮಾನ್ಯವಾಗಿ ಆಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಜನವರಿಯಿಂದಲೇ ಬಿಡುವು ಕೊಟ್ಟು ಎಂಟು, ಒಂಬತ್ತನೇ ಕ್ಲಾಸಿನವರಿಗೆ ಖಾತೆ ವಹಿಸಿದರೆ ಇಬ್ಬರಿಗೂ ಅನುಕೂಲ.

*ಮಗು ಎರಡು ತಿಂಗಳಿಗೇ ಬಿಟ್ಟುಬಿಟ್ಟರೆ?* ಬೈಯುವ ಮುಂಚೆ ಕೆಲಸವನ್ನು ನೋಡಿ. ಎಷ್ಟೋ ಸಲ ಖಾತೆಗೆ ಹೆಸರು ಮಾತ್ರ ಇರುತ್ತದೆ, ಮಾಡಲು ಏನೂ ಇರುವುದಿಲ್ಲ. ಕ್ರೀಡಾ ಮಂತ್ರಿಗೆ ಆಟದ ಸಾಮಾನಿನ ಬೀರುವಿನ ಬೀಗದ ಕೈಯನ್ನೇ ಕೊಡದಿದ್ದರೆ ಅವನು ಯಾವುದಕ್ಕೆ ಬದ್ಧನಾಗಬೇಕು? ಚೆಂಡು ಕಳೆದುಹೋಗಬಹುದು, ನಿಜ. ಆದರೆ ಬೀಗದ ಕೈ ಸಿಗದೆ ಜವಾಬ್ದಾರಿ ಬರುವುದಿಲ್ಲ.

*ಒಂದು ದಿನ ತಪ್ಪಿದರೆ ನಂಬಿಕೆ ಹೋಯಿತೇ?* ಹುಷಾರಿಲ್ಲದ ದಿನ ಎಲ್ಲರಿಗೂ ಬರುತ್ತದೆ. ಬದಲಿಗೆ ಯಾರು ನಿಲ್ಲುತ್ತಾರೆ ಎಂದು ಮೊದಲೇ ಗೊತ್ತು ಮಾಡಿದ್ದರೆ ಸಾಕು. ಪ್ರತಿ ಖಾತೆಗೂ ಒಬ್ಬ ಉಪಮಂತ್ರಿ ಇರುವುದು ಇದಕ್ಕೇ. ಬರುವುದಿಲ್ಲ ಎಂದು ಹೇಳಿ ಕಳಿಸುವುದನ್ನು ಕಲಿತರೆ ಅದೂ ಬದ್ಧತೆಯೇ.

*ನಾಚಿಕೆ ಸ್ವಭಾವದ ಮಗು ನಾಯಕತ್ವಕ್ಕೆ ಆಗುತ್ತದಾ?* ಚೆನ್ನಾಗಿ ಆಗುತ್ತದೆ. ವೇದಿಕೆ ಮೇಲಿನ ಮಾತು ನಾಯಕತ್ವದ ಒಂದು ಸಣ್ಣ ಭಾಗ. ಗ್ರಂಥಾಲಯದ ರಿಜಿಸ್ಟರನ್ನು ಒಂದು ದಿನವೂ ಬಿಡದೆ ಬರೆಯುವ ಮೌನಿ ಹುಡುಗನನ್ನು ಮುಂದಿನ ವರ್ಷ ಮಕ್ಕಳೇ ನಿಲ್ಲು ಎಂದು ಒತ್ತಾಯಿಸುತ್ತಾರೆ.

ಹುದ್ದೆ ಬಿಡುವ ಹೊತ್ತು

ಮಾರ್ಚ್ ಬರುತ್ತಿದ್ದಂತೆ ಪರೀಕ್ಷೆಯ ಗಡಿಬಿಡಿಯಲ್ಲಿ ಶಾಲಾ ಸಂಸತ್ತು ಸುಮ್ನೆ ಕರಗಿಹೋಗುತ್ತದೆ. ಮುಂದಿನ ಜೂನ್‌ನಲ್ಲಿ ಹೊಸ ಮಂತ್ರಿಗಳು ಮತ್ತೆ ಸೊನ್ನೆಯಿಂದ ಶುರು ಮಾಡುತ್ತಾರೆ. ಇದನ್ನು ತಪ್ಪಿಸುವುದು ಕಷ್ಟವೇನಲ್ಲ. ಪರೀಕ್ಷೆಗೆ ಮೊದಲು ಒಂದು ಪೀರಿಯಡ್ ತೆಗೆದಿಟ್ಟರೆ ಸಾಕು. ಪ್ರತಿ ಮಂತ್ರಿ ಒಂದು ಹಾಳೆಯಲ್ಲಿ ಮೂರು ವಿಷಯ ಬರೆಯಲಿ: ದಿನವೂ ಏನು ಮಾಡುತ್ತಿದ್ದೆ, ಯಾವುದು ಅರ್ಧಕ್ಕೆ ನಿಂತಿದೆ, ಯಾವುದಕ್ಕೆ ಯಾರನ್ನು ಕೇಳಬೇಕು. ಬೀರುವಿನ ಬೀಗದ ಕೈ, ರಿಜಿಸ್ಟರ್, ಗ್ರಾಮ ಸಭೆಗೆ ಕೊಟ್ಟ ಅರ್ಜಿಯ ಪ್ರತಿ ಎಲ್ಲವನ್ನೂ ಲೆಕ್ಕ ಮಾಡಿ ಆರು ಅಥವಾ ಎಂಟನೇ ಕ್ಲಾಸಿನ ಒಬ್ಬರ ಕೈಗೆ ಕೊಡಲಿ. ಸೋಪಿನ ಚೀಲ ಎಲ್ಲಿ ಸಿಕ್ಕಿಸಬೇಕು, ಯಾಕೆ ಅಲ್ಲೇ ಸಿಕ್ಕಿಸಬೇಕು ಎನ್ನುವುದೂ ಆ ಹಾಳೆಯಲ್ಲಿರಲಿ. ಜೂನ್‌ನಲ್ಲಿ ಯಾರು ಗೆದ್ದರೂ ಮೊದಲ ದಿನವೇ ಕೆಲಸ ಶುರು ಮಾಡಬಹುದು.